ಉತ್ತರ ರೋನ್‌ನ ಸಿರಾ: ಬಾಟಲಿ ಆರಿಸುವುದರಿಂದ ಊಟಕ್ಕೆ ಜೋಡಿಸುವವರೆಗೆ

ಫ್ರಾನ್ಸ್‌ನ ಲಿಯೋನ್ ನಗರದಿಂದ ದಕ್ಷಿಣಕ್ಕೆ ಹೊರಟರೆ ಸ್ವಲ್ಪ ದೂರದಲ್ಲೇ ವಿಯೆನ್ ಪಟ್ಟಣ ಬರುತ್ತದೆ. ಅಲ್ಲಿಂದ ವಾಲಾನ್ಸ್‌ವರೆಗೆ ರೋನ್ ನದಿ ಇಕ್ಕಟ್ಟಾದ ಕಣಿವೆಯಲ್ಲಿ ಹರಿಯುತ್ತದೆ. ಇಕ್ಕೆಲದ ಗುಡ್ಡಗಳಲ್ಲಿ ಕಲ್ಲುಗೋಡೆ ಕಟ್ಟಿ ಮಾಡಿದ ಮೆಟ್ಟಿಲು ತೋಟಗಳು, ಅವುಗಳಲ್ಲಿ ದ್ರಾಕ್ಷಿ. ಈ ಸುಮಾರು 65 ಕಿಲೋಮೀಟರ್ ಹಾದಿಯ ಹೆಸರುವಾಸಿ ಊರುಗಳ ಕೆಂಪು ವೈನ್‌ಗೆ ಅಲ್ಲಿನ ನಿಯಮ ಒಪ್ಪುವ ಕಪ್ಪು ದ್ರಾಕ್ಷಿ ಒಂದೇ, ಸಿರಾ.

ಸಿರಾ ಜೊತೆ ಏನು ತಿನ್ನಬೇಕು ಎಂದು ಯಾರನ್ನು ಕೇಳಿದರೂ ‘ಕೆಂಪು ಮಾಂಸ’ ಎಂಬ ಉತ್ತರ ಬರುತ್ತದೆ. ಉತ್ತರ ರೋನ್‌ನ ಮಟ್ಟಿಗೆ ಅದು ಅರ್ಧ ಉತ್ತರ. ಇಲ್ಲಿನ ವೈನ್‌ಗೆ ಕಾಳುಮೆಣಸು, ಕಪ್ಪು ಆಲಿವ್, ಹೊಗೆಯ ಘಮ ಇದೆ, ಚುರುಕಾದ ಹುಳಿ ಇದೆ, ವಯಸ್ಸಿನ ಜೊತೆ ಬದಲಾಗುವ ಒಗರು ಇದೆ. ಬಾಟಲಿ ಯಾವ ಊರಿನದು, ಎಷ್ಟು ವರ್ಷದ್ದು ಎಂದು ನೋಡಿಕೊಂಡು ಅಡುಗೆ ಆರಿಸಿದರೆ ವೈನ್ ಕೂಡ, ಊಟ ಕೂಡ ಬೇರೆಯದೇ ಎತ್ತರಕ್ಕೆ ಹೋಗುತ್ತವೆ. ಹಾಗೆ ಆರಿಸುವುದು ಹೇಗೆಂದು ಒಂದೊಂದಾಗಿ ಹೇಳುತ್ತೇನೆ.

ಮೊದಲು ದ್ರಾಕ್ಷಿಯ ಗುಣ ತಿಳಿದುಕೊಳ್ಳಿ

ಸಿರಾ ಪರ್ಷಿಯಾದ ಶಿರಾಜ್ ನಗರದಿಂದ ಬಂತು ಎಂಬ ಕತೆ ಬಹಳ ಕಾಲ ಓಡಾಡಿತು. ಡಿಎನ್ಎ ಪರೀಕ್ಷೆ ಅದಕ್ಕೆ ತೆರೆ ಎಳೆಯಿತು. 1990ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಕ್ಯಾರೊಲ್ ಮೆರೆಡಿತ್ ಮತ್ತು ಫ್ರಾನ್ಸ್‌ನ ಮೊಂಪೆಲಿಯೆ ಸಂಶೋಧಕರು ಸೇರಿ ಸಿರಾದ ತಂದೆತಾಯಿಯನ್ನು ಪತ್ತೆ ಮಾಡಿದರು. ಒಂದು ದ್ಯುರೆಝಾ ಎಂಬ ಆರ್ದೆಶ್ ಸೀಮೆಯ ಕಪ್ಪು ದ್ರಾಕ್ಷಿ, ಇನ್ನೊಂದು ಸವೊಯ್ ಸೀಮೆಯ ಬಿಳಿ ಮೊಂದೂಸ್. ಎರಡೂ ರೋನ್ ಕಣಿವೆಯ ಆಸುಪಾಸಿನವೇ. ಅಂದರೆ ಸಿರಾ ಈ ಮಣ್ಣಿನ ಮನೆಮಗಳು.

ಅದರ ಮೆಣಸಿನ ಘಮಕ್ಕೂ ಕಾರಣ ಸಿಕ್ಕಿದೆ. 2008ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ರೊಟಂಡೋನ್ ಎಂಬ ರಾಸಾಯನಿಕವನ್ನು ಗುರುತಿಸಿದರು. ಕಾಳುಮೆಣಸಿಗೆ ಆ ವಾಸನೆ ಕೊಡುವುದೂ ಅದೇ. ದ್ರಾಕ್ಷಿಯ ಸಿಪ್ಪೆಯಲ್ಲಿರುವ ಅದು ತಂಪು ಜಾಗದಲ್ಲಿ, ತಂಪು ವರ್ಷಗಳಲ್ಲಿ ಹೆಚ್ಚು ಉಳಿಯುತ್ತದೆ. ಬಿಸಿ ಸೀಮೆಗಳಲ್ಲಿ ಶಿರಾಜ್ ಎನಿಸಿಕೊಳ್ಳುವ ಇದೇ ದ್ರಾಕ್ಷಿಯ ವೈನ್ ಜಾಮ್‌ನಂತೆ ಹಣ್ಣುಹಣ್ಣಾಗಿದ್ದರೆ ಉತ್ತರ ರೋನ್‌ನದು ಖಾರದ ಘಾಟು ಹೊಡೆಯುವುದಕ್ಕೆ ಇದು ದೊಡ್ಡ ಕಾರಣ. ಒಂದು ವಿಷಯ ನೆನಪಿರಲಿ: ಐವರಲ್ಲಿ ಒಬ್ಬರಿಗೆ ರೊಟಂಡೋನ್ ವಾಸನೆ ತಿಳಿಯುವುದೇ ಇಲ್ಲ. ಪಕ್ಕದಲ್ಲಿ ಕೂತವರು ‘ಮೆಣಸು, ಮೆಣಸು’ ಎನ್ನುವಾಗ ನಿಮಗೆ ಏನೂ ಸಿಗದಿದ್ದರೆ ನಿಮ್ಮ ರುಚಿಯನ್ನು ಅನುಮಾನಿಸಬೇಡಿ. ನಿಮ್ಮ ಮೂಗು ಆ ಗುಂಪಿನದಿರಬಹುದು.

ಲೇಬಲ್ ಮೇಲೆ ಊರಿನ ಹೆಸರು ಓದಿ

ಇಲ್ಲಿನ ಬಾಟಲಿಗಳ ಮೇಲೆ ‘ಸಿರಾ’ ಎಂದು ಬರೆದಿರುವುದು ಕಡಿಮೆ. ಊರಿನ ಹೆಸರು ಇರುತ್ತದೆ. ಐದು ಹೆಸರು ಗೊತ್ತಿದ್ದರೆ ಅಂಗಡಿಯಲ್ಲಿ ತಡವರಿಸಬೇಕಾಗಿಲ್ಲ.

ಶುರುಮಾಡುವವರಿಗೆ ನನ್ನ ಸಲಹೆ ಕ್ರೋಝ್-ಎರ್ಮಿಟಾಜ್. 1937ರಲ್ಲಿ ಮಾನ್ಯತೆ ಪಡೆದ, ಹನ್ನೊಂದು ಗ್ರಾಮಗಳಿಗೆ ಹರಡಿದ, ಉತ್ತರ ರೋನ್‌ನಲ್ಲೇ ದೊಡ್ಡ ಹೆಸರು ಇದು. ನದಿಯ ಎಡದಂಡೆಯಲ್ಲಿ, ತ್ಯಾಂ-ಲೆರ್ಮಿಟಾಜ್ ಪಟ್ಟಣದ ಸುತ್ತ ಇದೆ. ದಕ್ಷಿಣದಲ್ಲಿ ಶಾಸಿ ಎಂಬ ಬಯಲು, ಹಿಂದೆ ನದಿ ತಂದು ಹಾಕಿದ ಉರುಟುಗಲ್ಲುಗಳ ನೆಲ. ಅಲ್ಲಿನ ವೈನ್ ಮೆತ್ತಗೆ, ರಸಭರಿತ, ಬೇಗ ಕುಡಿಯಲು ತಯಾರು. ಉತ್ತರದ ಜೆರ್ವಾನ್ಸ್ ಕಡೆ ಗ್ರಾನೈಟ್ ಗುಡ್ಡ, ವೈನ್ ಕೂಡ ಬಿಗಿ. ಫ್ರಾನ್ಸ್‌ನ ಅಂಗಡಿಗಳಲ್ಲಿ 15ರಿಂದ 25 ಯೂರೋ ಆಸುಪಾಸಿನಲ್ಲಿ ಒಳ್ಳೆಯ ಬಾಟಲಿ ಸಿಗುತ್ತದೆ. ನೀವು ಕೊಡುವ ಹಣಕ್ಕೆ ಇಷ್ಟು ಗುಣ ಕೊಡುವ ಸಿರಾ ಬೇರೆಡೆ ಕಂಡಿಲ್ಲ.

ಎದುರಿನ ಬಲದಂಡೆಯ ಉದ್ದಕ್ಕೂ ಸ್ಯಾಂ-ಜೋಸೆಫ್. 1956ರಲ್ಲಿ ತೂರ್ನೋ, ಮೋವ್ ಮುಂತಾದ ಕೆಲವೇ ಊರುಗಳೊಂದಿಗೆ ಶುರುವಾಗಿ, 1969ರಲ್ಲಿ ಗಡಿ ಹಿಗ್ಗಿ ಈಗ ಸುಮಾರು 50 ಕಿಲೋಮೀಟರ್ ಚಾಚಿದೆ. ಹಾಗಾಗಿ ಒಂದೇ ಹೆಸರಿನಡಿ ಬಾಟಲಿಯಿಂದ ಬಾಟಲಿಗೆ ಅಂತರ ಹೆಚ್ಚು. ಹಿಂಬದಿಯ ಚೀಟಿಯಲ್ಲಿ ಮೋವ್, ತೂರ್ನೋ, ಸ್ಯಾಂ-ಜಾನ್-ದ-ಮ್ಯೂಝೋಲ್ ಗುಡ್ಡಗಳ ದ್ರಾಕ್ಷಿ ಎಂದು ಇದ್ದರೆ ಹಳೆಯ ತಿರುಳಿನ ಭಾಗದ್ದು ಎಂದು ತಿಳಿಯಬಹುದು. ನನಗೆ ಊಟದ ಮೇಜಿಗೆ ಅತಿ ಹೊಂದುವ ಸಿರಾ ಇದೇ. ಹಣ್ಣು, ಮೆಣಸು, ಹುಳಿ ಮೂರೂ ಒಂದನ್ನೊಂದು ಮೀರದೆ ಇರುತ್ತವೆ.

ಕೊರ್ನಾಸ್‌ನಲ್ಲಿ ಬೇರೆ ದ್ರಾಕ್ಷಿ ಬೆರೆಸುವಂತಿಲ್ಲ, ನೂರಕ್ಕೆ ನೂರು ಸಿರಾ. ಗಾಳಿಗೆ ಮರೆಯಾದ, ಬಿಸಿಲು ತುಂಬುವ ಗ್ರಾನೈಟ್ ಬೋಗುಣಿಯಂಥ ಜಾಗ. ವೈನ್ ಕಡುಗಪ್ಪು, ಗಟ್ಟಿ. ಕೋತ್-ರೋತಿ ಉತ್ತರದ ತುದಿಯಲ್ಲಿ, ಆಂಪ್ವಿ ಊರಿನ ಮೇಲೆ ನಿಲ್ಲಲೂ ಕಷ್ಟವಾಗುವ ಇಳಿಜಾರಿನಲ್ಲಿದೆ. ಇಲ್ಲಿ ಕೆಂಪು ವೈನ್‌ಗೆ ವಿಯೊನ್ಯೆ ಎಂಬ ಬಿಳಿ ದ್ರಾಕ್ಷಿಯನ್ನು ಶೇ. 20ರವರೆಗೆ ಸೇರಿಸಿ ಒಟ್ಟಿಗೇ ಹುದುಗಿಸಲು ನಿಯಮ ಬಿಡುತ್ತದೆ. ಹೆಚ್ಚಿನವರು ಹಾಕುವುದು ಅದಕ್ಕಿಂತ ತೀರಾ ಕಡಿಮೆ. ಆ ಅಷ್ಟಕ್ಕೇ ನೇರಳೆ ಬಣ್ಣದ ವಯೊಲೆಟ್ ಹೂವಿನ ಘಮ ಎದ್ದು ಬರುತ್ತದೆ. ಕೊನೆಯದು ಎರ್ಮಿಟಾಜ್, ತ್ಯಾಂ ಪಟ್ಟಣದ ಬೆನ್ನಿಗೇ ಎದ್ದು ನಿಂತ ಒಂದೇ ಗುಡ್ಡ. ತುದಿಯಲ್ಲಿ ಪುಟ್ಟ ಪ್ರಾರ್ಥನಾಮಂದಿರ. ಹದಿನೆಂಟು, ಹತ್ತೊಂಬತ್ತನೇ ಶತಮಾನಗಳಲ್ಲಿ ಬೋರ್ದೋದ ವ್ಯಾಪಾರಿಗಳು ತಮ್ಮ ವೈನ್‌ಗೆ ಬಲ ಬರಲೆಂದು ಇಲ್ಲಿಯ ವೈನ್ ತರಿಸಿ ಬೆರೆಸುತ್ತಿದ್ದರು. ಕೋತ್-ರೋತಿ, ಎರ್ಮಿಟಾಜ್ ಎರಡೂ ದುಬಾರಿ, ಅವಸರಕ್ಕೆ ಒಗ್ಗುವುದಿಲ್ಲ.

ಜೇಬಿಗೆ ಇನ್ನೂ ಹಗುರವಾದದ್ದು ಬೇಕಿದ್ದರೆ ‘ಕೊಲೀನ್ ರೊದಾನಿಯೆನ್’ ಎಂಬ ಹೆಸರು ಹುಡುಕಿ. ಒಳ್ಳೆಯ ತಯಾರಕರ ಎಳೆಯ ಬಳ್ಳಿಗಳ ಸಿರಾ ಎಷ್ಟೋ ಸಲ ಆ ಹೆಸರಿನಲ್ಲಿ ಬರುತ್ತದೆ.

ವರ್ಷ ನೋಡಿ

ಬಾಟಲಿ ಮೇಲಿನ ವರ್ಷ ದ್ರಾಕ್ಷಿ ಕೊಯ್ದ ವರ್ಷ. ಕ್ರೋಝ್ ಮೂರರಿಂದ ಎಂಟು ವರ್ಷದೊಳಗೆ ಚೆನ್ನ. ಸ್ಯಾಂ-ಜೋಸೆಫ್ ಐದರಿಂದ ಹತ್ತು. ಕೊರ್ನಾಸ್, ಕೋತ್-ರೋತಿಗೆ ಎಂಟು ವರ್ಷಕ್ಕೆ ಮೊದಲು ಕೈ ಹಾಕದಿರುವುದು ಒಳ್ಳೆಯದು. ಒಳ್ಳೆಯ ಎರ್ಮಿಟಾಜ್ ಮೂವತ್ತು ವರ್ಷ ಬಾಳುತ್ತದೆ. ಹವಾಮಾನವೂ ಲೆಕ್ಕಕ್ಕೆ ಬರುತ್ತದೆ. 2021 ತಂಪಾದ ವರ್ಷ, ವಸಂತದಲ್ಲಿ ಹಿಮ ಬಿದ್ದು ಬೆಳೆ ಕಡಿಮೆಯಾಯಿತು. ಆ ವರ್ಷದವು ಹಗುರ, ಮೆಣಸು ಜೋರು. 2018, 2020ರಂಥ ಬಿಸಿಲಿನ ವರ್ಷಗಳು ತುಂಬಿದ ಹಣ್ಣಿನವು. ತರಕಾರಿ, ಕೋಳಿಯ ಊಟಕ್ಕೆ ತಂಪು ವರ್ಷದ್ದನ್ನೂ ಹೊತ್ತುಗಟ್ಟಲೆ ಬೆಂದ ಮಾಂಸಕ್ಕೆ ಬಿಸಿಲಿನ ವರ್ಷದ್ದನ್ನೂ ತೆಗೆಯಿರಿ.

ತಂಪು ಮಾಡಿ, ಗಾಳಿ ಕೊಡಿ

ಹೆಚ್ಚಿನ ಬಾಟಲಿಗಳು ಹಾಳಾಗುವುದು ಈ ಹಂತದಲ್ಲಿ. ‘ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಿರಿ’ ಎಂಬ ಮಾತು ಹುಟ್ಟಿದ್ದು ಯೂರೋಪಿನ ತಣ್ಣನೆಯ ಕಲ್ಲುಮನೆಗಳಲ್ಲಿ. ಸಿರಾಗೆ 15ರಿಂದ 17 ಡಿಗ್ರಿ ಸಾಕು, ಎಳೆಯ ಕ್ರೋಝ್‌ಗೆ 14 ಆದರೂ ಸರಿ. 25 ಡಿಗ್ರಿಯಲ್ಲಿ ಅದೇ ವೈನ್ ಬರೀ ಮದ್ಯಸಾರದ ಘಾಟು ಹೊಡೆಯುತ್ತದೆ, ವಯೊಲೆಟ್ ಎಲ್ಲೋ ಮಾಯ. ಕೋಣೆ ಬೆಚ್ಚಗಿದ್ದರೆ ಬಾಟಲಿಯನ್ನು ಒಂದು ಗಂಟೆಯಷ್ಟು ಫ್ರಿಜ್‌ನಲ್ಲಿಡಿ. ಅವಸರವಿದ್ದರೆ ಐಸ್ ಮತ್ತು ನೀರು ಬೆರೆತ ಬಕೆಟ್‌ನಲ್ಲಿ ಹತ್ತು ಹನ್ನೆರಡು ನಿಮಿಷ. ಬರೀ ಐಸ್ ಹಾಕಬೇಡಿ, ನೀರಿದ್ದರೇ ತಂಪು ಬಾಟಲಿಯ ಸುತ್ತ ತಾಗುವುದು.

ಸಿರಾ ಹುದುಗುವಾಗಲೂ ಪೀಪಾಯಿಯಲ್ಲಿರುವಾಗಲೂ ಆಮ್ಲಜನಕಕ್ಕೆ ಹಾತೊರೆಯುವ ದ್ರಾಕ್ಷಿ. ಅದು ಸಾಲದಿದ್ದರೆ ಗಂಧಕದ ಸಂಯುಕ್ತಗಳು ಉಳಿದು, ಬಾಟಲಿ ತೆರೆದ ಕೂಡಲೇ ರಬ್ಬರು, ಗೀರಿದ ಬೆಂಕಿಕಡ್ಡಿಯಂಥ ವಾಸನೆ ಬರುತ್ತದೆ. ಕೆಟ್ಟಿದೆ ಎಂದು ಚೆಲ್ಲಬೇಡಿ. ಅಗಲ ಹೊಟ್ಟೆಯ ಜಗ್ಗಿಗೆ ರಭಸದಿಂದ ಸುರಿದು ಅರ್ಧ ಗಂಟೆ ಬಿಡಿ. ಹೆಚ್ಚಿನ ಸಲ ಹೋಗಿರುತ್ತದೆ. ಒದ್ದೆ ರಟ್ಟಿನ ವಾಸನೆ ಬಂದರೆ ಮಾತ್ರ ಅದು ಕಾರ್ಕ್‌ನ ದೋಷ. ಗಾಳಿ ಕೊಟ್ಟಷ್ಟೂ ಹೆಚ್ಚುತ್ತದೆ, ಬಾಟಲಿಯನ್ನು ವಾಪಸ್ ಮಾಡುವುದೇ ದಾರಿ. ಕುದುರೆ ಲಾಯದ, ಬ್ಯಾಂಡೇಜಿನ ವಾಸನೆ ಬ್ರೆಟಾನೊಮೈಸಿಸ್ ಎಂಬ ಯೀಸ್ಟಿನದು. ಚೂರು ಇದ್ದರೆ ಇಷ್ಟಪಡುವವರಿದ್ದಾರೆ. ಹಣ್ಣಿನ ಘಮವನ್ನೇ ಮುಚ್ಚಿದರೆ ಅದನ್ನು ಊರಿನ ಗುಣ ಎಂದು ಸಮರ್ಥಿಸುವುದನ್ನು ನಾನು ಒಪ್ಪುವುದಿಲ್ಲ.

ಎಳೆಯ ಕೊರ್ನಾಸ್‌ಗೆ ಎರಡು ಗಂಟೆ ಗಾಳಿ ಬೇಕಾಗಬಹುದು. ಹದಿನೈದು ವರ್ಷ ದಾಟಿದ ಬಾಟಲಿಗೆ ಇದು ತಿರುಗುಮುರುಗು. ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ ಗಸಿ ತಳಕ್ಕಿಳಿಯಲು ಬಿಡಿ, ಬಡಿಸುವ ಹೊತ್ತಿಗೆ ತೆರೆದು ಅಲುಗಿಸದೆ ಬಗ್ಗಿಸಿ.

ಮೂಸಿ ನೋಡುವುದು, ಕುಡಿದು ನೋಡುವುದು

ಮೂಗಿಗೆ ಮೊದಲು ಪಾಠ ಹೇಳಿಕೊಟ್ಟರೆ ಕೆಲಸ ಸುಲಭ. ಒಂದು ತಟ್ಟೆಯಲ್ಲಿ ಆಗಷ್ಟೇ ಜಜ್ಜಿದ ಎಂಟು ಹತ್ತು ಕಾಳುಮೆಣಸು, ಎರಡು ಉಪ್ಪಿನ ಕಪ್ಪು ಆಲಿವ್, ಒಂದು ಚೂರು ಹೊಗೆಹಾಕಿದ ಹಂದಿಮಾಂಸ (ಸಸ್ಯಾಹಾರಿಗಳು ಹೊಗೆ ಹಿಡಿಸಿದ ಚೀಸ್ ಇಟ್ಟುಕೊಳ್ಳಿ), ನಾಲ್ಕು ಬ್ಲ್ಯಾಕ್‌ಬೆರಿ. ಅಗಲವಾದ ಗ್ಲಾಸಿಗೆ ಮೂರನೇ ಒಂದು ಭಾಗದಷ್ಟು ವೈನ್ ಹಾಕಿ, ಅಲುಗಿಸದೆ ಒಮ್ಮೆ ಮೂಸಿ. ಮೇಲಕ್ಕೆ ಬರುವುದು ಹೂವು, ಹಣ್ಣು. ಈಗ ತಟ್ಟೆಯಲ್ಲಿರುವುದನ್ನು ಒಂದೊಂದಾಗಿ ಮೂಸಿ, ಗ್ಲಾಸನ್ನು ತಿರುವಿ, ಮತ್ತೆ ವೈನ್ ಮೂಸಿ. ಮೆಣಸು ಮೂಸಿದ ಬೆನ್ನಿಗೇ ಗ್ಲಾಸಿನಲ್ಲಿ ಅದೇ ಎದ್ದು ಕಾಣುತ್ತದೆ. ಆಲಿವ್ ಸ್ವಲ್ಪ ತಡವಾಗಿ, ಉಸಿರು ಎಳೆದು ಮುಗಿಯುವ ಹೊತ್ತಿಗೆ ಸಿಗುತ್ತದೆ. ಹಸಿ ದಂಟಿನ, ಒಣಗಿದ ಗಿಡಮೂಲಿಕೆಯ ಘಾಟು ಇದ್ದರೆ ದ್ರಾಕ್ಷಿಗೊಂಚಲನ್ನು ಕಾಂಡ ಬಿಡಿಸದೆ ಹುದುಗಿಸಿದ್ದಾರೆ ಎಂದರ್ಥ. ಈ ಸೀಮೆಯಲ್ಲಿ ಅದು ಹಳೆಯ ಪದ್ಧತಿ.

ಬಾಯಿಗೆ ಹಾಕಿಕೊಂಡ ಮೇಲೆ ಎರಡನ್ನೇ ಗಮನಿಸಿ. ದವಡೆಯ ಬದಿಯಲ್ಲಿ ನೀರೂರಿಸುವುದು ಹುಳಿ. ನೇರಳೆಹಣ್ಣು ತಿಂದ ಮೇಲೆ ನಾಲಿಗೆ ಹಿಡಿದುಕೊಂಡಂತೆ ಆಗುವುದು ಟ್ಯಾನಿನ್‌ನ ಒಗರು. ಊಟ ಜೋಡಿಸಲು ಬೇಕಾದದ್ದು ಈ ಎರಡರ ಅಳತೆ. ಹುಳಿ ಮುಂದೆ, ಒಗರು ಹಿಂದೆ ಇದ್ದರೆ ಅದು ಹಗುರ ಊಟದ ವೈನ್. ಒಗರು ವಸಡಿನವರೆಗೂ ಹಿಡಿದರೆ ಕೊಬ್ಬು, ಪ್ರೋಟೀನ್ ಇರುವ ಅಡುಗೆ ಬೇಕೇ ಬೇಕು.

ಈಗ ಅಡುಗೆ

ಟ್ಯಾನಿನ್ ನಮ್ಮ ಎಂಜಲಿನ ಪ್ರೋಟೀನ್‌ಗೆ ಅಂಟಿಕೊಳ್ಳುವುದರಿಂದ ಬಾಯಿ ಒಣಗುತ್ತದೆ. ಬಾಯಲ್ಲಿ ಮಾಂಸವೋ ಚೀಸೋ ಇದ್ದರೆ ಅದಕ್ಕೆ ಅಂಟುತ್ತದೆ, ಒಗರು ತಗ್ಗಿ ಹಣ್ಣು ಮುಂದೆ ಬರುತ್ತದೆ. ಉಪ್ಪು ಕೂಡ ಒಗರನ್ನು ತಗ್ಗಿಸುತ್ತದೆ. ಒಣಮೆಣಸಿನಕಾಯಿಯ ಖಾರ ಮದ್ಯಸಾರದ ಉರಿಯನ್ನು ಏರಿಸುತ್ತದೆ, ಸಿಹಿ ಅಡುಗೆ ವೈನನ್ನು ಕಹಿ ಮಾಡುತ್ತದೆ. ಇಷ್ಟು ಗೊತ್ತಿದ್ದರೆ ಮುಂದಿನದೆಲ್ಲ ತಾನಾಗಿ ಬರುತ್ತದೆ.

ಈ ವೈನ್‌ಗೆಂದೇ ಹುಟ್ಟಿತೇನೋ ಎನಿಸುವ ಅಡುಗೆ ರೋನ್ ದೋಣಿಗಾರರದು, ಗ್ರಿಯಾದ್ ದೆ ಮಾರಿನಿಯೆ. ಹೆಸರಿನಲ್ಲಿ ಗ್ರಿಲ್ ಇದ್ದರೂ ಮುಚ್ಚಿ ಬೇಯಿಸುವ ಅಡುಗೆ. ನಾಲ್ವರಿಗೆ ಒಂದು ಕಿಲೋ ದನದ ಭುಜದ ಮಾಂಸವನ್ನು ಒಂದು ಸೆಂಟಿಮೀಟರ್ ದಪ್ಪದ ಹೋಳು ಮಾಡಿಸಿ. 600 ಗ್ರಾಂ ಈರುಳ್ಳಿಯನ್ನು ತೆಳ್ಳಗೆ ಹೆಚ್ಚಿ. ದಪ್ಪ ತಳದ ಪಾತ್ರೆಗೆ ಆಲಿವ್ ಎಣ್ಣೆ ಸವರಿ, ಒಂದು ಪದರ ಈರುಳ್ಳಿ, ಒಂದು ಪದರ ಮಾಂಸ, ಮೇಲೆ ಚಿಟಿಕೆ ಉಪ್ಪು, ಜಜ್ಜಿದ ಮೆಣಸು, ಹೀಗೆ ಮುಗಿಯುವವರೆಗೆ. ಮೇಲಿನ ಪದರ ಈರುಳ್ಳಿಯದೇ ಇರಲಿ. ನೀರು ಹಾಕುವುದಿಲ್ಲ. ಬಿಗಿಯಾಗಿ ಮುಚ್ಚಿ, ಉರಿ ಎಷ್ಟು ಸಣ್ಣದಾಗುತ್ತದೋ ಅಷ್ಟು ಸಣ್ಣದು ಮಾಡಿ, ಎರಡೂವರೆ ಮೂರು ಗಂಟೆ ಬಿಡಿ. ಮೊದಲ ಅರ್ಧ ಗಂಟೆ ಏನೂ ಆಗುತ್ತಿಲ್ಲ ಎನಿಸುತ್ತದೆ. ಆಮೇಲೆ ಈರುಳ್ಳಿ ನೀರು ಬಿಟ್ಟು ಮಾಂಸ ಅದರಲ್ಲೇ ಬೇಯತೊಡಗುತ್ತದೆ. ಕೊನೆಗೆ ಐದು ಉಪ್ಪುಹಾಕಿದ ಆಂಚೊವಿ ಮೀನಿನ ಎಸಳು, ಎರಡು ಎಸಳು ಬೆಳ್ಳುಳ್ಳಿ, ಒಂದು ಹಿಡಿ ಪಾರ್ಸ್ಲಿಯನ್ನು ಕುಟ್ಟಿ, ಎರಡು ಚಮಚ ಆಲಿವ್ ಎಣ್ಣೆ, ಒಂದು ಚಮಚ ವೈನ್ ವಿನಿಗರ್ ಬೆರೆಸಿ ಮೇಲೆ ಹಾಕಿ, ಇನ್ನೂ ಹತ್ತು ನಿಮಿಷ ಇಡಿ. ವಿನಿಗರ್ ಚಮಚ ಮೀರದಿರಲಿ, ಹುಳಿ ಹೆಚ್ಚಾದರೆ ವೈನ್ ಸಪ್ಪೆಯಾಗುತ್ತದೆ.

ಇದರ ಜೊತೆ ನಾಲ್ಕೈದು ವರ್ಷದ ಕ್ರೋಝ್ ಕುಡಿದು ನೋಡಿ. ಕರಗಿದ ಈರುಳ್ಳಿಯ ಸಿಹಿ ಹಣ್ಣನ್ನು ಎತ್ತುತ್ತದೆ, ಆಂಚೊವಿಯ ಉಪ್ಪು ಒಗರನ್ನು ಇಳಿಸುತ್ತದೆ, ಮೆಣಸಿಗೆ ಮೆಣಸು ಕೂಡುತ್ತದೆ.

ಸ್ಯಾಂ-ಜೋಸೆಫ್‌ಗೆ ಥೈಮ್, ರೋಸ್‌ಮರಿ ಉಜ್ಜಿ ಹುರಿದ ಕುರಿಮರಿ. ಮಾಂಸ ನಡುವೆ ಗುಲಾಬಿ ಬಣ್ಣ ಇರುವಾಗಲೇ ಇಳಿಸಿ, ಪಕ್ಕದಲ್ಲಿ ನಿಯೋನ್ಸ್‌ನ ಕಪ್ಪು ಆಲಿವ್. ಇನ್ನಷ್ಟು ದಕ್ಷಿಣದ ಈ ಆಲಿವ್‌ಗೆ 1994ರಿಂದ ಪ್ರದೇಶ ಮಾನ್ಯತೆ ಇದೆ. ಆರ್ದೆಶ್, ದ್ರೋಮ್ ಸೀಮೆಗಳ ಕಾಯೆತ್ ಕೂಡ ಚೆನ್ನಾಗಿ ಕೂಡುತ್ತದೆ. ಹಂದಿಮಾಂಸ ಮತ್ತು ಸೊಪ್ಪು ಸೇರಿಸಿ ಉಂಡೆಕಟ್ಟಿ ಬೇಯಿಸಿದ ಅದಕ್ಕೆ ಮಣ್ಣಿನ, ಸೊಪ್ಪಿನ ರುಚಿ ಇರುವುದರಿಂದ ತಂಪು ವರ್ಷದ ಎಳೆಯ ವೈನ್ ಬೇಕು. ಲಿಯೋನ್‌ನ ಒಣ ಸಾಸೇಜುಗಳಿಗೂ ಅದೇ.

ಹತ್ತು ವರ್ಷದ ಕೊರ್ನಾಸ್ ತೆರೆಯುವ ದಿನ ವೈನ್‌ನಲ್ಲೇ ನೆನೆಸಿ ಬೇಯಿಸಿದ ದೋಬ್ ಅಥವಾ ಕಾಡುಹಂದಿ ಮಾಂಸ. ವಯಸ್ಸಾದ ಕೋತ್-ರೋತಿಗೆ ಮಾತ್ರ ಇಷ್ಟು ಭಾರ ಹೇರಬೇಡಿ. ಅದರ ಒಗರು ಕರಗಿ, ಚರ್ಮ, ಕಾಡಿನ ನೆಲ, ಒಣಗಿದ ಹೂವಿನ ಘಮ ಬಂದಿರುತ್ತದೆ. ಹುರಿದ ಬಾತುಕೋಳಿ ಅಥವಾ ಪಾರಿವಾಳ, ಅದರದೇ ರಸ, ಬೇರೇನೂ ಬೇಡ. ಜೋರಾದ ಸಾಸ್ ಅಡಿಯಲ್ಲಿ ಆ ಘಮ ಮುಳುಗಿ ಹೋದರೆ ಇಷ್ಟು ವರ್ಷ ಕಾಯ್ದದ್ದು ದಂಡ.

ಮಾಂಸ ತಿನ್ನದವರಿಗೆ ಸಿರಾ ಒಗ್ಗದು ಎಂಬುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಮೆಣಸು, ಆಲಿವ್, ಹೊಗೆ ಎಂಬ ಮೂರು ಕೊಂಡಿಗಳಲ್ಲಿ ಒಂದೂ ಮಾಂಸದ ಸ್ವತ್ತಲ್ಲ. ಬದನೆಕಾಯಿಯನ್ನು ಕೆಂಡದ ಮೇಲೆ ಸಿಪ್ಪೆ ಕರಕಾಗುವವರೆಗೆ ಸುಟ್ಟು, ಕಪ್ಪು ಆಲಿವ್, ಕೇಪರ್, ಆಲಿವ್ ಎಣ್ಣೆ ಅರೆದು ಹಚ್ಚಿ. (ತಾಪೆನಾದ್ ಎಂಬ ಹೆಸರಿನಲ್ಲಿ ಕೊಂಡು ತರುವ ಇಂಥದೇ ಆಲಿವ್ ಚಟ್ನಿಯಲ್ಲಿ ಆಂಚೊವಿ ಇರುತ್ತದೆ, ನೋಡಿಕೊಳ್ಳಿ.) ಪ್ಯುಯ್ ಸೀಮೆಯ ಹಸಿರು ಲೆಂಟಿಲ್ ಬೇಳೆಯನ್ನು ಕ್ಯಾರೆಟ್, ಥೈಮ್ ಜೊತೆ ಕಾಳು ಒಡೆಯದಂತೆ ಬೇಯಿಸಿ, ಬಿಸಿ ಇರುವಾಗಲೇ ಎಣ್ಣೆ, ಮೆಣಸು ಬೆರೆಸಿ. ಆರ್ದೆಶ್‌ನ ಚೆಸ್ಟ್‌ನಟ್ ಮತ್ತು ಕಾಡಣಬೆಯನ್ನು ಬೆಣ್ಣೆಯಲ್ಲಿ ಹುರಿದರೆ ಎಂಟು ವರ್ಷದ ಸ್ಯಾಂ-ಜೋಸೆಫ್‌ಗೆ ಅದಕ್ಕಿಂತ ಒಳ್ಳೆಯ ಜೊತೆ ಇಲ್ಲ. ಅಣಬೆಗೆ ಉಪ್ಪು ಸರಿಯಾಗಿ ಬೀಳಲಿ, ಇಲ್ಲವಾದರೆ ಅದರ ಉಮಾಮಿ ಎಂಬ ಸಾರಿನಂಥ ರುಚಿ ವೈನ್‌ನ ಕಹಿಯನ್ನು ಎತ್ತಿ ತೋರಿಸುತ್ತದೆ. ತರಕಾರಿ ಅಡುಗೆಯಲ್ಲಿ ಪ್ರೋಟೀನ್ ಕಡಿಮೆ ಇರುವುದರಿಂದ ಬಿಗಿ ಒಗರಿನ ಎಳೆಯ ಕೊರ್ನಾಸ್ ತೆಗೆಯಬೇಡಿ. ಮೆತ್ತನೆಯ ಕ್ರೋಝ್ ಅಥವಾ ವಯಸ್ಸಾದ ಬಾಟಲಿ ಇರಲಿ.

ಚೀಸ್‌ನಲ್ಲಿ ಎಚ್ಚರ. ಒಣಗಿ ಗಟ್ಟಿಯಾದ ಪಿಕೊದೋ ಎಂಬ ಆಡಿನ ಹಾಲಿನ ಚೀಸ್ ಚೆನ್ನ. ಮೆತ್ತಗೆ ಹರಿಯುವ ಸ್ಯಾಂ-ಮಾರ್ಸೆಲ್ಲಾಂ ಒಗರಿನ ವೈನ್ ಜೊತೆ ಕಹಿಯಾಗುತ್ತದೆ, ಅದಕ್ಕೆ ಬಿಳಿ ಕ್ರೋಝ್ ಅಥವಾ ಸ್ಯಾಂ-ಪೆರೆ ಎಂಬ ಊರಿನ ಬಿಳಿ ವೈನ್ ವಾಸಿ.

ಎಣ್ಣೆಯಂಶದ ಮೀನು ದೂರವಿರಲಿ. ವೈನ್‌ನಲ್ಲಿರುವ ಕಬ್ಬಿಣದ ಅಂಶ ಹೆಚ್ಚಿದಷ್ಟೂ ಮೀನಿನ ಜೊತೆ ನಾತ ಹೆಚ್ಚುತ್ತದೆ ಎಂದು 2009ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಆಂಚೊವಿ ನಡೆಯುವುದು ಅದನ್ನು ಉಪ್ಪಿನಂತೆ ಚೂರೇ ಚೂರು ಬಳಸುವುದರಿಂದ. ಚಾಕೊಲೇಟ್ ಕೂಡ ಬೇಡ. 1922ರಲ್ಲಿ ಶುರುವಾದ ವಾಲ್‌ರೋನಾ ಚಾಕೊಲೇಟ್ ಸಂಸ್ಥೆ ಇದೇ ತ್ಯಾಂ ಪಟ್ಟಣದಲ್ಲಿರುವುದು ನಿಜ, ಆದರೆ ಸಿಹಿಯ ಮುಂದೆ ಒಣ ವೈನ್ ಸೊರಗುತ್ತದೆ. ಚಾಕೊಲೇಟನ್ನು ಕಾಫಿ ಜೊತೆ ತಿನ್ನಿ.

ಬಾಟಲಿಯಲ್ಲಿ ಉಳಿದರೆ

750 ಮಿಲಿಯ ಬಾಟಲಿ ಎಂದರೆ 125 ಮಿಲಿಯ ಆರು ಗ್ಲಾಸು. ಉಳಿದದ್ದಕ್ಕೆ ಕಾರ್ಕ್ ಬಿಗಿದು ಫ್ರಿಜ್‌ನಲ್ಲಿ ನೆಟ್ಟಗೆ ನಿಲ್ಲಿಸಿ. ಎರಡು ಮೂರು ದಿನ ಏನೂ ಆಗದು. ಎಳೆಯ ಕೊರ್ನಾಸ್ ಮರುದಿನವೇ ಹೆಚ್ಚು ರುಚಿ. ಹಳೆಯ ಬಾಟಲಿಯನ್ನು ಮಾತ್ರ ಅಂದೇ ಮುಗಿಸಬೇಕು. ಮೂರು ದಿನ ಮೀರಿದ್ದನ್ನು ಹೆಚ್ಚಿದ ಸಣ್ಣ ಈರುಳ್ಳಿ, ಒಂದು ಕಡ್ಡಿ ಥೈಮ್ ಹಾಕಿ ಮೂರನೇ ಒಂದು ಭಾಗಕ್ಕೆ ಇಳಿಯುವವರೆಗೆ ಕುದಿಸಿ ಸೋಸಿಡಿ. ಬಿಸಿ ಮಾಡಿ ಒಂದು ತುಂಡು ತಣ್ಣನೆಯ ಬೆಣ್ಣೆ ಕದಡಿದರೆ ಹುರಿದ ಅಣಬೆಗೂ ಮಾಂಸಕ್ಕೂ ಸಾಸ್ ಸಿದ್ಧ.